ಬಿಪಿ ಮಾತ್ರೆ ಈಗಲೇ ಶುರು ಮಾಡಲಾ, ಊರಿಗೆ ಹೋದಾಗ ನೋಡಿಸಲಾ?

ಮೈಸೂರಲ್ಲಿ ಸೆಂಟ್ರಿಂಗ್ ಕೆಲಸ, ಕ್ಯಾಂಪಿನಲ್ಲಿ ಬಿಪಿ 160/100 ಬಂತು, ಮೈಗೇನೂ ತೊಂದರೆ ಇಲ್ಲ, ಮಾತ್ರೆ ಹಿಡಿದರೆ ಬಿಡೋಕಾಗಲ್ಲ ಅಂತಾರೆ, ಯುಗಾದಿಗೆ ರಾಯಚೂರಿಗೆ ಹೋದಾಗ ನೋಡಿಸಲಾ ಅಂತ ಕೇಳಿದ್ದೀರಿ. ಅಣ್ಣಾ, ಇದೇ ಮಾತನ್ನು ನಾನೂ ಆಡಿದ್ದೆ.

ನಾನು ಕೂಡ್ಲಿಗಿ ಕಡೆಯವನು. ಮೇಸ್ತ್ರಿ ಹತ್ತಿರ ಮುಂಗಡ ತೆಗೆದುಕೊಂಡು ಹೆಂಡತಿ ಜೊತೆ ಮಂಡ್ಯಕ್ಕೆ ಕಬ್ಬು ಕಡಿಯೋಕೆ ಬರುತ್ತಿದ್ದೆ. ಗದ್ದೆ ಬದಿಯಲ್ಲೇ ಟೆಂಟ್. ನಸುಕಿಗೇ ಮಚ್ಚು ಹಿಡಿಯಬೇಕು, ಆಮೇಲೆ ಹೊರೆ ಹೊತ್ತು ಹಲಗೆ ಹತ್ತಿ ಟ್ರ್ಯಾಕ್ಟರಿಗೆ ತುಂಬಬೇಕು. ಇಷ್ಟು ದುಡಿಯೋ ಮೈಗೆ ಬಿಪಿ ಎಲ್ಲಿಂದ ಬರಬೇಕು ಅಂದುಕೊಂಡಿದ್ದೆ. ಅದೂ ಅಲ್ಲದೆ ನಮ್ಮ ಜನಕ್ಕೆ ಬಿಪಿ ಅಂದರೆ ಸಿಟ್ಟು ಅಲ್ವಾ? 'ನನ್ನ ಬಿಪಿ ಏರಿಸಬೇಡ' ಅಂತೀವಿ. ನಾನು ಯಾರ ಮೇಲೂ ಕೂಗಾಡಿದವನಲ್ಲ.

ಟೆಂಟ್ ಹತ್ತಿರ ಬಂದ ಆಶಾ ಅಕ್ಕ ಬಿಡದೆ ಆರೋಗ್ಯ ಕೇಂದ್ರಕ್ಕೆ ಕಳಿಸಿದರು. 170/104. ಇನ್ನೊಂದು ದಿನ ಕರೆಸಿ ಅಳೆದರು, ಹೆಚ್ಚು ಕಮ್ಮಿ ಅಷ್ಟೇ. ಅಮ್ಲೋಡಿಪಿನ್ 5 ಮಿಲಿಗ್ರಾಂ, ದಿನಕ್ಕೊಂದು, ದುಡ್ಡಿಲ್ಲದೆ ಕೊಟ್ಟರು. ಒಂದು ತಿಂಗಳು ನುಂಗಿದೆ. ಮತ್ತೆ ಅಳೆದಾಗ 128/82.

ಈಗ ನನ್ನ ತಪ್ಪು ಕೇಳಿ, ಪೂರ್ತಿ ಕೇಳಿ. ನರ್ಸಮ್ಮ 'ನಾರ್ಮಲ್ ಇದೆ' ಅಂದರು. ನನ್ನ ಕಿವಿಗೆ ಅದು 'ವಾಸಿಯಾಯ್ತು' ಅಂತ ಕೇಳಿಸಿತು. ಜ್ವರಕ್ಕೆ ಐದು ದಿನ ಮಾತ್ರೆ ಕೊಡ್ತಾರೆ, ಜ್ವರ ಬಿಟ್ಟ ಮೇಲೆ ಮುಗೀತು, ಇದೂ ಹಾಗೇ ಅಂದುಕೊಂಡು ಮಾತ್ರೆ ನಿಲ್ಲಿಸಿಬಿಟ್ಟೆ. ಆ 128 ನನ್ನದಲ್ಲ, ಮಾತ್ರೆಯದು. ಅದು ಅದುಮಿ ಹಿಡಿದಿದ್ದಕ್ಕೆ ಬಿಪಿ ಕೆಳಗಿತ್ತು. ಬಿಟ್ಟ ಮೇಲೆ ಮತ್ತೆ ಏರಿತು, ಏರಿದ್ದು ಗೊತ್ತೇ ಆಗಲಿಲ್ಲ, ಯಾಕಂದರೆ ಏರಿದಾಗಲೂ ಇಳಿದಾಗಲೂ ನನ್ನ ಮೈಗೆ ಒಂದೇ ಥರ ಇತ್ತು. ಪಟ್ಟಿಯಲ್ಲಿ ಆರು ಮಾತ್ರೆ ಉಳಿದಿದ್ದವು. ಸುಣ್ಣದ ಡಬ್ಬಿ ಜೊತೆ ಚೀಲದಲ್ಲಿ ಇಟ್ಟೆ, ತಲೆನೋವು ಬಂದ ದಿನ ನುಂಗೋಣ ಅಂತ. ತಲೆನೋವು ಬರಲೇ ಇಲ್ಲ. ದಿನಾ ನುಂಗಿದ್ದು ಅಂಗಡಿಯಿಂದ ತಂದ ಮೈಕೈ ನೋವಿನ ಗುಳಿಗೆ. ಡೈಕ್ಲೋಫೆನಾಕ್ ಥರದ ಗುಳಿಗೆಗಳು ಬಿಪಿಯನ್ನೂ ಏರಿಸುತ್ತವೆ, ಕಿಡ್ನಿಗೂ ಕೆಟ್ಟದ್ದು ಅಂತ ಡಾಕ್ಟರ್ ಆಮೇಲೆ ಹೇಳಿದರು.

ಮೂರು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಮಚ್ಚು ಕೈಯಿಂದ ಜಾರಿತು. ಎತ್ತಿಕೊಂಡೆ. ಮತ್ತೆ ಜಾರಿತು. ಏನಾಯ್ತು ಅಂತ ಹೆಂಡತಿ ಕೇಳಿದರೆ ನಾಲಿಗೆ ತೊದಲಿತು, ಬಾಯಿ ಒಂದು ಕಡೆ ಸೊಟ್ಟಗಾಯಿತು. ಗಾಳಿ ಸೋಕಿರಬೇಕು ಅಂತ ಎಣ್ಣೆ ತಿಕ್ಕಿ ಮಲಗಿಸಿದರು. ಮಂಡ್ಯದ ದೊಡ್ಡಾಸ್ಪತ್ರೆ ಮುಟ್ಟುವ ಹೊತ್ತಿಗೆ ಎಂಟು ತಾಸು ದಾಟಿತ್ತು. ಲಕ್ವ. ಮೆದುಳಿನ ರಕ್ತನಾಳದಲ್ಲಿ ಕಟ್ಟಿದ ಹೆಪ್ಪು ಕರಗಿಸುವ ಇಂಜೆಕ್ಷನ್ ನಾಲ್ಕೂವರೆ ತಾಸಿನೊಳಗೆ ಕೊಡಬೇಕಿತ್ತಂತೆ. ಈಗ ಬಲಗೈಯಲ್ಲಿ ಅನ್ನ ಕಲಸುತ್ತೇನೆ, ಮಚ್ಚು ಹಿಡಿಯೋಕೆ ಆಗಲ್ಲ. ಆ ಮುಂಗಡ ತೀರಿಸಿದ್ದು ಹೆಂಡತಿ, ಮುಂದಿನ ಸೀಸನ್ ಒಬ್ಬಳೇ ಬಂದು ದುಡಿದು.

ಅದಕ್ಕೇ 'ಹಿಡಿದರೆ ಬಿಡೋಕಾಗಲ್ಲ' ಅನ್ನೋ ಮಾತನ್ನು ನಾನು ಒಪ್ಪಲ್ಲ. ಅದು ಗುಟ್ಕಾ ಥರ ಚಟ ಅಲ್ಲ. ಬಿಪಿ ನಿಮ್ಮನ್ನು ಬಿಡಲ್ಲ ಅಂತ ಮಾತ್ರೆ ಮುಂದುವರಿಸೋದು. ಕಾಲು ಊದಿಕೊಂಡರೆ ಡಾಕ್ಟರಿಗೆ ಹೇಳಿ, ಬದಲಾಯಿಸಿ ಕೊಡ್ತಾರೆ, ನೀವಾಗಿ ನಿಲ್ಲಿಸಬೇಡಿ. ಬೆಳ್ಳುಳ್ಳಿ ತಿನ್ನಬೇಕಾದರೆ ತಿನ್ನಿ, ಮಾತ್ರೆ ಬದಲಿಗೆ ಬೇಡ. ಸಾರು ಮಾಡೋಕೆ ಹೊತ್ತಿಲ್ಲ ಅಂತ ದಿನಾ ಉಪ್ಪಿನಕಾಯಿಯಲ್ಲೇ ಊಟ ಮುಗಿಸೋದನ್ನೂ ಕಮ್ಮಿ ಮಾಡಿ.

ಯುಗಾದಿವರೆಗೆ ಕಾಯೋದಂತೂ ಬೇಡವೇ ಬೇಡ. ಊರಲ್ಲಿ ನೀವು ಇರೋದು ಎಂಟು ದಿನ, ಮೈಸೂರಲ್ಲಿ ಇರೋದು ವರ್ಷವೆಲ್ಲ. ಹತ್ತಿರದಲ್ಲಿರೋ ಸರ್ಕಾರದ 'ನಮ್ಮ ಕ್ಲಿನಿಕ್'ಗೋ ಆರೋಗ್ಯ ಕೇಂದ್ರಕ್ಕೋ ಹೋಗಿ. ಟೀ, ಬೀಡಿ ಆಗಿ ಅರ್ಧ ಗಂಟೆ ಕಳೆದಿರಲಿ, ಐದು ನಿಮಿಷ ಸುಮ್ನೆ ಕೂತು ಆಮೇಲೆ ಅಳೆಸಿ. ಚೀಟಿಯ ಫೋಟೊ ಮೊಬೈಲಲ್ಲಿ ಇಟ್ಟುಕೊಳ್ಳಿ. ಸೈಟ್ ಬದಲಾಗಿ ಬೇರೆ ಊರಿಗೆ ಹೋದರೆ ಅಲ್ಲಿ ಅದನ್ನೇ ತೋರಿಸಿ ಮಾತ್ರೆ ಕೇಳಬಹುದು.

ಅರ್ಧ ದಿನದ ಕೂಲಿ ಹೋದರೂ ಪರವಾಗಿಲ್ಲ, ನಾಳೆಯೇ ಹೋಗಿ. ಎಷ್ಟು ಬಂತು ಅಂತ ಇಲ್ಲೇ ಬರೆಯಿರಿ, ನಾನು ನೋಡ್ತಿರ್ತೀನಿ.