ಕೂಸಿನ ರಕ್ತ ‘ದಪ್ಪ’ ಇದೆ ಅಂದ್ರೆ ಏನು?

ಪ್ರಶ್ನೆ: ಡಾಕ್ಟ್ರೇ, ನನ್ನ ತಂಗಿಗೆ ಕಲಬುರಗಿಯಲ್ಲಿ 34 ವಾರಕ್ಕೇ ಹೆರಿಗೆ ಆಯಿತು. ಕೂಸು 1.8 ಕೆಜಿ. ಹುಟ್ಟಿದಾಗ ಅಳಲಿಲ್ಲ, ಆಕ್ಸಿಜನ್ ಕಮ್ಮಿ ಆಗಿದೆ ಅಂತ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಹಿಮ್ಮಡಿ ಚುಚ್ಚಿ ರಕ್ತ ತೆಗೆದು ‘ಪಿಸಿವಿ 68, ರಕ್ತ ದಪ್ಪ ಇದೆ’ ಅಂದರು. ಮತ್ತೆ ಕೈಯಿಂದಲೂ ತೆಗೆದರು. ಅಷ್ಟು ಸಣ್ಣ ಕೂಸಿಗೆ ಎರಡೆರಡು ಸಲ ಯಾಕೆ? ಬಿಸಿಲಿಗೆ ಹೀಗಾಗಿದೆ, ಎರಡು ಚಮಚ ಸಕ್ಕರೆ ನೀರು ಹಾಕಿ ಅಂತಾರೆ ಅವಳ ಅತ್ತೆ. ಹಾಕಬಹುದಾ?
– ಓದುಗರು, ಆಳಂದ

ಉತ್ತರ: ಸಕ್ಕರೆ ನೀರು ಬೇಡವೇ ಬೇಡ. ಉಸಿರಿಗೇ ಕಷ್ಟಪಡುವ ಕೂಸಿನ ಬಾಯಿಗೆ ಚಮಚ ಇಟ್ಟರೆ ನೆತ್ತಿಗೇರುತ್ತದೆ. ನೀರಿನಂಶ ಬೇಕಾದರೆ ಅಲ್ಲೇ ಡ್ರಿಪ್‌ನಲ್ಲಿ ಅಳೆದು ಕೊಡುತ್ತಾರೆ.

ಪಿಸಿವಿ ಅಂದರೆ ನೂರು ಪಾಲು ರಕ್ತದಲ್ಲಿ ಕೆಂಪು ಕಣದ ಪಾಲೆಷ್ಟು ಅನ್ನುವ ಲೆಕ್ಕ. ಹಸುಗೂಸಿಗೆ 50ರ ಮೇಲಿದ್ದರೂ ಗಾಬರಿ ಇಲ್ಲ, 65 ದಾಟಿದರೆ ಯೋಚನೆ. ಅಂಬಲಿ ಕಾಸುವಾಗ ನೋಡಿದ್ದೀರಲ್ವಾ, ಹಿಟ್ಟು ಒಂದು ಹದದವರೆಗೆ ಎಷ್ಟು ಹಾಕಿದರೂ ಸೌಟು ಸಲೀಸಾಗಿ ತಿರುಗುತ್ತದೆ, ಆ ಹದ ಮೀರಿತೋ ಒಮ್ಮೆಲೇ ಬಿಗಿ. ರಕ್ತವೂ ಹಾಗೇ.

ಹೊಟ್ಟೆಯಲ್ಲೇ ದಿನಗಟ್ಟಲೆ ಆಕ್ಸಿಜನ್ ಸಾಲದಿದ್ದರೆ ಕೂಸಿನ ಮೈ ಕೆಂಪು ಕಣಗಳನ್ನು ಜಾಸ್ತಿ ಮಾಡಿಕೊಳ್ಳುತ್ತದೆ. ಹೆರಿಗೆ ಹೊತ್ತಲ್ಲಿ ಉಸಿರು ಕಟ್ಟಿದರೆ ಆಗುವ ತೊಂದರೆ ಬೇರೆ. ರಕ್ತದಲ್ಲಿ ಆಮ್ಲ ಏರಿ ಕಣಗಳು ಗಡುಸಾಗುತ್ತವೆ. ತನಗಿಂತ ಇಕ್ಕಟ್ಟಾದ ನಾಳದಲ್ಲಿ ಮೈ ಮಡಚಿಕೊಂಡು ನುಸುಳಬೇಕಾದ ಕಣ ಅಲ್ಲಿ ತಡವರಿಸುತ್ತದೆ, ಮಿದುಳು, ಕಿಡ್ನಿ, ಕರುಳಿಗೆ ರಕ್ತ ನಿಧಾನ ಆಗುತ್ತದೆ. ಆದರೆ ತಿಂಗಳು ತುಂಬದ ಕೂಸಿಗೆ ಒಂದು ಅನುಕೂಲವೂ ಇದೆ: ಅದರ ಪ್ಲಾಸ್ಮಾದಲ್ಲಿ, ಅಂದರೆ ಕಣ ಬಿಟ್ಟು ಉಳಿದ ರಕ್ತದ ತಿಳಿಯಲ್ಲಿ, ಪ್ರೋಟೀನು ಕಮ್ಮಿ, ರಕ್ತ ಹೆಪ್ಪುಗಟ್ಟಿಸುವ ಫೈಬ್ರಿನೋಜನ್ ಕೂಡ ಕಮ್ಮಿ, ಹಾಗಾಗಿ ಕಣಗಳು ಒಂದಕ್ಕೊಂದು ಅಂಟಿಕೊಳ್ಳುವುದೂ ಕಮ್ಮಿ.

ಎರಡನೇ ಸೂಜಿಗೆ ಸಿಟ್ಟಾಗಬೇಡಿ, ಅದನ್ನು ಚುಚ್ಚದೇ ಇದ್ದಿದ್ದರೆ ನಾನೇ ಸಿಟ್ಟಾಗುತ್ತಿದ್ದೆ. ಪುಟ್ಟ ಕಾಲು ತಣ್ಣಗಿದ್ದರೆ ಹಿಮ್ಮಡಿಯಲ್ಲಿ ರಕ್ತ ನಿಧಾನವಾಗಿ ಹರಿದು, ಅಂಕಿ ಸುಮ್ನೆ ಜಾಸ್ತಿ ತೋರಿಸುತ್ತದೆ. ಅಲ್ಲಿನ 68 ಕೈಯ ನರದಿಂದ (ರಕ್ತನಾಳದಿಂದ) ತೆಗೆದ ರಕ್ತದಲ್ಲಿ ನೋಡಿದರೆ 61 ಬರಬಹುದು. ನರದ ಅಂಕಿಯೇ ಲೆಕ್ಕಕ್ಕೆ. ಅದೂ 65 ದಾಟಿ, ಕೂಸು ನಡುಗುವುದು, ಏದುಸಿರು, ಸಕ್ಕರೆ ಕಮ್ಮಿ ಇಂಥದ್ದೇನಾದರೂ ಇದ್ದರೆ ಸ್ವಲ್ಪ ಸ್ವಲ್ಪ ರಕ್ತ ತೆಗೆದು ಅಷ್ಟೇ ಸಲೈನ್ ಹಾಕುತ್ತಾರೆ. ಇಡೀ ಮೈಯಲ್ಲಿ ಇರುವುದೇ ಸುಮಾರು 160 ಮಿಲಿ, ಅದಕ್ಕೇ ಅಷ್ಟು ನಾಜೂಕು.

ನಾಳೆ ರೌಂಡ್ಸಿಗೆ ಡಾಕ್ಟರು ಬಂದಾಗ ಎರಡು ಮಾತು ಕೇಳಿ: ಕೈಯಿಂದ ತೆಗೆದ ರಕ್ತದ ಪಿಸಿವಿ ಎಷ್ಟು ಬಂತು, ಉಸಿರು ಕಟ್ಟಿದ್ದರಿಂದ ಮಿದುಳಿಗೆ ಏನಾದರೂ ಆಗಿದೆಯಾ ಅಂತ ನೋಡುವ ತಲೆಯ ಸ್ಕ್ಯಾನ್ ಯಾವಾಗ.