ಅಪ್ಪನ ಪದ್ಮಿನಿ: ಗುಜರಿಗೋ, ಗ್ಯಾರೇಜಿಗೋ?

ಪ್ರಶ್ನೆ: ನಮ್ಮದು ನಾಪೋಕ್ಲು ಸಮೀಪದ ಕಾಫಿ ತೋಟ. ತಂದೆಯವರು 1978ರಲ್ಲಿ ಕೊಂಡ ಪ್ರೀಮಿಯರ್ ಪದ್ಮಿನಿ ಕಾರು ಹನ್ನೊಂದು ವರ್ಷಗಳಿಂದ ಗೊಬ್ಬರದ ಶೆಡ್ಡಿನಲ್ಲಿ ನಿಂತಿದೆ. ಅವರು ತೀರಿಕೊಂಡು ಎರಡು ವರ್ಷವಾಯಿತು. ಬಾಗಿಲುಗಳ ಕೆಳಭಾಗ ತುಕ್ಕು ಹಿಡಿದು ತೂತಾಗಿದೆ. ಚಾಲಕರ ಕಾಲ ಬಳಿ ಮ್ಯಾಟ್ ಎತ್ತಿದರೆ ಶೆಡ್ಡಿನ ನೆಲ ಕಾಣುತ್ತದೆ. ಎಂಜಿನ್ ತಿರುಗುವುದಿಲ್ಲ. ಗ್ಯಾರೇಜಿನವರೊಬ್ಬರು ಬಂದು ಒಂದು ಸುತ್ತು ನೋಡಿ, ‘ಒಂದೂವರೆ ಲಕ್ಷ ಕೊಡಿ, ಹೊಸದರಂತೆ ಮಾಡಿಕೊಡುತ್ತೇನೆ’ ಎಂದರು. ಅಣ್ಣ ಗುಜರಿಗೆ ಹಾಕು ಎನ್ನುತ್ತಾರೆ. ಅಮ್ಮ ಏನೂ ಹೇಳುವುದಿಲ್ಲ, ಆದರೆ ಶೆಡ್ಡಿನ ಬೀಗದ ಕೈಯನ್ನು ಯಾರಿಗೂ ಕೊಡುವುದಿಲ್ಲ. ಏನು ಮಾಡಲಿ?

ಉತ್ತರ: ಅಮ್ಮನವರ ಬೀಗದ ಕೈ ವಿಷಯ ಬರೆದು ಒಳ್ಳೆಯದು ಮಾಡಿದಿರಿ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ತಗಡಿನ ಮಾತು.

ಒಂದು ಸುತ್ತು ನೋಡಿ ಹೇಳಿದ ಒಂದೂವರೆ ಲಕ್ಷವನ್ನು ದಯವಿಟ್ಟು ಮರೆತುಬಿಡಿ. ಕಾರನ್ನು ಜಾಕಿಯ ಮೇಲೆ ಎತ್ತದೆ, ಅಡಿಗೆ ಮಲಗಿ ನೋಡದೆ, ಸೀಟು ಬಿಚ್ಚದೆ ಯಾರು ಎಷ್ಟು ಹೇಳಿದರೂ ಅದು ಊಹೆ. ಆ ಊಹೆಯಲ್ಲಿ ಸಾಮಾನ್ಯವಾಗಿ ಪುಟ್ಟಿ ಮತ್ತು ಪೇಂಟಿನ ಖರ್ಚು ಇರುತ್ತದೆ, ತಗಡಿನ ಖರ್ಚು ಇರುವುದಿಲ್ಲ. ಬಾಗಿಲಿನ ತೂತು ನಿಮ್ಮನ್ನು ಹೆದರಿಸಿದೆ. ನನಗೆ ಅದರ ಭಯವೇ ಇಲ್ಲ. ಬಾಗಿಲು, ಬಾನೆಟ್, ಡಿಕ್ಕಿಯ ಮುಚ್ಚಳ ಬೋಲ್ಟು ಬಿಚ್ಚಿದರೆ ಕೈಗೆ ಬರುವ ವಸ್ತುಗಳು. ಕೆಟ್ಟರೆ ಕೆಳಗಿನ ಪಟ್ಟಿ ಕತ್ತರಿಸಿ ಹೊಸ ತಗಡು ಕೂಡಿಸಬಹುದು, ಇಲ್ಲವೇ ಬೇರೆ ಬಾಗಿಲನ್ನೇ ತರಬಹುದು. ನನ್ನನ್ನು ಯೋಚನೆಗೆ ಹಚ್ಚಿದ್ದು ಮ್ಯಾಟಿನ ಕೆಳಗೆ ಕಂಡ ನೆಲ.

ಪದ್ಮಿನಿಗೆ ಜೀಪಿನ ಹಾಗೆ ಬೇರೆ ಷಾಸಿ, ಅಂದರೆ ಭಾರ ಹೊರುವ ಅಡಿಯ ಚೌಕಟ್ಟು, ಇಲ್ಲ. ನೆಲ, ಬಾಗಿಲಿನ ಹೊಸ್ತಿಲ ಕೆಳಗೆ ಉದ್ದಕ್ಕೂ ಹೋಗುವ ತಗಡಿನ ಪೆಟ್ಟಿಗೆ, ಕಂಬಗಳು, ಛಾವಣಿ ಎಲ್ಲವೂ ಸೇರಿ ಒಂದೇ ಗೂಡು. ಭಾರ ಹೊರುವುದು ಆ ಗೂಡೇ. ಹಿಂದಿನ ಪಟ್ಟಾ ಸ್ಪ್ರಿಂಗುಗಳು ಕೂತಿರುವುದು ಅದರ ಅಡಿಗೆ, ಮುಂದಿನ ಕಾಯಿಲ್ ಸ್ಪ್ರಿಂಗಿನ ಒತ್ತಡ ಬೀಳುವುದೂ ಅದರ ಮೇಲೆಯೇ. ಅಂಬಾಸಿಡರ್ ಕೂಡ ಇದೇ ಜಾತಿ. ಇಂಥ ಕಾರಿನಲ್ಲಿ ಹೊಸ್ತಿಲ ಪೆಟ್ಟಿಗೆ ಕೊಳೆತಿದೆ ಎಂದರೆ ಮನೆಯ ತೊಲೆಗೆ ಗೆದ್ದಲು ಹಿಡಿದ ಹಾಗೆ. ಗೋಡೆಗೆ ಎಷ್ಟು ಸುಣ್ಣ ಬಳಿದರೂ ತೊಲೆ ತೊಲೆಯಾಗುವುದಿಲ್ಲ.

ಇನ್ನೊಂದು ವಿಷಯ ನಿಮ್ಮ ಪತ್ರದಲ್ಲೇ ಇದೆ: ಗೊಬ್ಬರದ ಶೆಡ್. ನಮ್ಮ ಕೊಡಗಿನಲ್ಲಿ ಕಾರು ಕೊಳೆಯಲು ಮಳೆಯೊಂದೇ ಕಾರಣವಲ್ಲ. ನಾವು ಬಳಸುವ ಪೊಟ್ಯಾಷ್ ಗೊಬ್ಬರ ಬಹುಮಟ್ಟಿಗೆ ಪೊಟ್ಯಾಸಿಯಂ ಕ್ಲೋರೈಡ್. ಕ್ಲೋರೈಡ್ ಕಬ್ಬಿಣಕ್ಕೆ ಮಾಡುವ ಹಾನಿ ಕಡಲ ತೀರದ ಉಪ್ಪುಗಾಳಿ ಮಾಡುವ ಹಾನಿಯೇ. ಚೀಲದಿಂದ ಉದುರಿದ ಪುಡಿ ಗಾಳಿಯ ತೇವವನ್ನು ಎಳೆದುಕೊಂಡು ತಗಡಿನ ಮೇಲೆ ಒದ್ದೆಯಾಗಿ ಕೂರುತ್ತದೆ. ಗಿಡಗಳಿಗೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆಂದು ಡಿಕ್ಕಿಯಲ್ಲಿ ತಂದ ಮೈಲುತುತ್ತ ಚೆಲ್ಲಿದ್ದರೆ ಅದೂ ಉಕ್ಕನ್ನು ತಿನ್ನುತ್ತದೆ. ತೋಟದ ಕಾರುಗಳಲ್ಲಿ ಡಿಕ್ಕಿಯ ನೆಲ, ಅದರ ಕೆಳಗಿನ ಸ್ಪ್ರಿಂಗ್ ಕಟ್ಟುವ ಜಾಗ ಉಳಿದೆಲ್ಲಕ್ಕಿಂತ ಮೊದಲು ಹೋಗುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಆದ್ದರಿಂದ ನಿರ್ಧಾರ ಏನೇ ಇರಲಿ, ಈ ವಾರವೇ ಕಾರನ್ನು ಆ ಶೆಡ್ಡಿನಿಂದ ಹೊರತೆಗೆದು, ಅಡಿಭಾಗವನ್ನು ಸಿಹಿನೀರಿನಿಂದ ಚೆನ್ನಾಗಿ ತೊಳೆದು, ಬಿಸಿಲಿಗೆ ಒಣಗಿಸಿ. ಕಾಫಿ ಒಣಗಿಸುವ ಕಣ ಖಾಲಿ ಇದ್ದರೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಒಣಗಿದ ಮೇಲೆ ಪರೀಕ್ಷೆ ಮಾಡಿ. ಬೇಕಾದದ್ದು ಒಂದು ಸಣ್ಣ ಸುತ್ತಿಗೆ, ಒಂದು ಸ್ಕ್ರೂಡ್ರೈವರ್, ಬಟ್ಟೆ ಸುತ್ತಿದ ಒಂದು ಆಯಸ್ಕಾಂತ, ಟಾರ್ಚು. ಹೊಸ್ತಿಲ ಪೆಟ್ಟಿಗೆಯ ಉದ್ದಕ್ಕೂ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ ಹೋಗಿ. ಗಟ್ಟಿ ತಗಡು ಠಣ್ ಎನ್ನುತ್ತದೆ. ಕೊಳೆತದ್ದು ಸದ್ದು ನುಂಗುತ್ತದೆ, ಒಳಗೆ ತುಕ್ಕಿನ ಚೂರು ಸುರಿಯುವ ಸದ್ದೂ ಕೇಳಬಹುದು. ಅನುಮಾನ ಬಂದಲ್ಲಿ ಸ್ಕ್ರೂಡ್ರೈವರಿನ ತುದಿ ಒತ್ತಿ. ಮನಸ್ಸಿಗೆ ನೋವಾಗುತ್ತದೆಂದು ಮೆಲ್ಲಗೆ ಒತ್ತಬೇಡಿ. ನಿಮ್ಮ ಕೈಬಲಕ್ಕೆ ತೂತಾಗುವ ತಗಡು ಭಾಗಮಂಡಲದ ರಸ್ತೆಯ ಒಂದು ಗುಂಡಿಯನ್ನೂ ತಾಳುವುದಿಲ್ಲ. ಆಯಸ್ಕಾಂತ ಹಿಡಿಯದ ಜಾಗದಲ್ಲಿ ಪುಟ್ಟಿಯೋ ಫೈಬರೋ ತುಂಬಿದೆ ಎಂದು ತಿಳಿಯಿರಿ. ಹಿಂದಿನ ಪಟ್ಟಾ ಸ್ಪ್ರಿಂಗಿನ ಎರಡೂ ತುದಿಗಳು ದೇಹಕ್ಕೆ ಸೇರುವ ಜಾಗ, ಮುಂಬಾಗಿಲಿನ ಹಿಂಜು ಕೂತ ಕಂಬದ ಬುಡ, ಬಾನೆಟ್ಟಿನ ಒಳಗೆ ಚಕ್ರದ ಮೇಲಿನ ಕಮಾನು, ಮುಂದಿನ ಗಾಜಿನ ರಬ್ಬರಿನ ಕೆಳಗಿನ ಅಂಚು, ಇವಿಷ್ಟನ್ನು ತಪ್ಪದೆ ನೋಡಿ.

ನಂತರ ನಾನು ಎಲ್ಲಕ್ಕಿಂತ ಹೆಚ್ಚು ನಂಬುವ ಪರೀಕ್ಷೆ. ಕಾರು ನೆಲದ ಮೇಲಿರುವಾಗ ನಾಲ್ಕೂ ಬಾಗಿಲುಗಳ ಸುತ್ತಲಿನ ಸಂದನ್ನು ಗಮನಿಸಿ. ಆಮೇಲೆ ಒಂದು ಪಕ್ಕವನ್ನು ಜಾಕಿಯಿಂದ ಎತ್ತಿ, ಕೆಳಗೆ ಮರದ ದಿಮ್ಮಿ ಕೊಟ್ಟು, ಅದೇ ಬಾಗಿಲುಗಳನ್ನು ತೆಗೆದು ಹಾಕಿ. ಮೊದಲಿನ ಹಾಗೆಯೇ ಮುಚ್ಚಿದರೆ ಗೂಡಿನಲ್ಲಿ ಇನ್ನೂ ಜೀವವಿದೆ. ಬಾಗಿಲು ಕಂಬಕ್ಕೆ ತಾಗಿದರೆ, ಸಂದು ಮೇಲೆ ಕಿರಿದಾಗಿ ಕೆಳಗೆ ಅಗಲವಾದರೆ ಗೂಡು ಬಾಗುತ್ತಿದೆ. ಜಾಕಿ ಇಡುವ ಜಾಗವೇ ಕುಸಿದರೆ ಮುಂದಿನ ಪರೀಕ್ಷೆ ಬೇಕಾಗಿಯೇ ಇಲ್ಲ.

ಎಂಜಿನ್ ತಿರುಗದಿರುವುದಕ್ಕೆ ಕಂಗೆಡಬೇಡಿ. 1089 ಸಿಸಿಯ ಸರಳ ನಾಲ್ಕು ಸಿಲಿಂಡರಿನ ಎಂಜಿನ್ ಅದು. ಸ್ಪಾರ್ಕ್ ಪ್ಲಗ್ ಬಿಚ್ಚಿ, ಎಂಜಿನ್ ಆಯಿಲ್ ಮತ್ತು ಸೀಮೆಎಣ್ಣೆ ಅಥವಾ ಡೀಸೆಲ್ ಬೆರೆಸಿ ಪ್ರತಿ ತೂತಿಗೂ ಎರಡೆರಡು ಚಮಚ ಬಿಟ್ಟು ಒಂದು ವಾರ ಬಿಡಿ. ಆಮೇಲೆ ಗೇರಿಗೆ ಹಾಕಿ ಕಾರನ್ನು ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ತೂಗಿ. ಬಿಟ್ಟುಕೊಳ್ಳದಿದ್ದರೂ ಬಿಚ್ಚಿ ಬೋರ್ ಮಾಡಿಸಿ, ಹೊಸ ಪಿಸ್ಟನ್, ರಿಂಗ್ ಹಾಕಿಸಬಹುದು. ಬ್ರೇಕಿನ ರಬ್ಬರು, ಪೆಟ್ರೋಲ್ ಪೈಪು, ವೈರಿಂಗ್ ಹೇಗೂ ಹೊಸದಾಗಲೇಬೇಕು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುವುದರಿಂದ ಹಳೆಯ ರಬ್ಬರು ಬೇಗ ಮೆತ್ತಗಾಗುತ್ತದೆ, ಎಥನಾಲ್ ನೀರನ್ನೂ ಎಳೆದುಕೊಳ್ಳುತ್ತದೆ. ಟ್ಯಾಂಕನ್ನು ಬಿಚ್ಚಿ ಒಳಗಿನ ತುಕ್ಕು ತೆಗೆಸದೆ ಒಂದು ಲೀಟರ್ ಕೂಡ ತುಂಬಬೇಡಿ. ಬಿಡಿಭಾಗಗಳ ಮಟ್ಟಿಗೆ ನೀವು ಅದೃಷ್ಟವಂತರು. ಮುಂಬಯಿಯಲ್ಲಿ ದಶಕಗಳ ಕಾಲ ಟ್ಯಾಕ್ಸಿಯಾಗಿ ಓಡಿದ ಕಾರು ಇದು. ಅಲ್ಲಿನ ಕೊನೆಯ ಪದ್ಮಿನಿ ಟ್ಯಾಕ್ಸಿ ರಸ್ತೆ ಬಿಟ್ಟದ್ದು 2023ರ ಅಕ್ಟೋಬರಿನಲ್ಲಿ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ, ಶಿವಾಜಿನಗರದ ಗುಜರಿಗಳಲ್ಲಿ ತಾಳ್ಮೆಯಿಂದ ಹುಡುಕಿ.

ಹಾಗಾದರೆ ಗೆರೆ ಎಲ್ಲಿ ಎಳೆಯುವುದು? ನೆಲದ ತೂತು, ಬಾಗಿಲು, ಒಂದು ಪಕ್ಕದ ಹೊಸ್ತಿಲು ಹೋಗಿದ್ದು ಸ್ಪ್ರಿಂಗ್ ಕಟ್ಟುವ ಜಾಗಗಳೂ ಕಂಬದ ಬುಡಗಳೂ ಗಟ್ಟಿಯಾಗಿದ್ದರೆ ನಾನಾಗಿದ್ದರೆ ಕೆಲಸ ಶುರು ಮಾಡುತ್ತಿದ್ದೆ. ಎರಡೂ ಹೊಸ್ತಿಲು, ಎರಡೂ ಸ್ಪ್ರಿಂಗ್ ಜಾಗ, ಕಂಬದ ಬುಡ ಎಲ್ಲವೂ ಹೋಗಿದ್ದರೆ ಅದನ್ನು ಓಡುವ ಕಾರಾಗಿ ಮಾಡಿಸಬೇಡಿ. ಮಾಡಿಕೊಡುತ್ತೇನೆ ಎನ್ನುವವರು ಸಿಗುತ್ತಾರೆ. ಆದರೆ ಆಗ ಉಳಿಯುವುದು ನಿಮ್ಮ ತಂದೆಯವರ ಕಾರಿನ ಛಾವಣಿ ಮಾತ್ರ, ಒಳಗೆ ಕೂರುವುದು ನಿಮ್ಮ ಮಕ್ಕಳು.

ಮಾಡಿಸುವುದಾದರೆ ಕ್ರಮ ತಪ್ಪಬಾರದು: ಮೊದಲು ತಗಡು, ಆಮೇಲೆ ಬ್ರೇಕು, ಆಮೇಲೆ ಎಂಜಿನ್, ಕೊನೆಗೆ ಪೇಂಟು. ಈ ಪಾಠ ನನಗೆ ಬಂದದ್ದು ಬೇರೆಯವರ ಹಣದಿಂದ, ಅದರ ಸಂಕಟ ಇನ್ನೂ ಇದೆ. ಬಹಳ ಹಿಂದೆ ವಿರಾಜಪೇಟೆ ಕಡೆಯ ಬೆಳೆಗಾರರೊಬ್ಬರ ಅಂಬಾಸಿಡರನ್ನು ಅವರ ಮನೆಯ ಮದುವೆಯ ದಿನಕ್ಕೆ ಸಿದ್ಧ ಮಾಡಿಕೊಡಬೇಕಿತ್ತು. ಹೊಸ್ತಿಲ ಪೆಟ್ಟಿಗೆಯನ್ನು ಕತ್ತರಿಸಿ ಒಳಗೆ ನೋಡಲು ಸಮಯವಿಲ್ಲವೆಂದು ಮೇಲೆ ಹೊಸ ತಗಡು ಹೊದಿಸಿ ಬೆಸೆದೆ. ಮದುವೆಯ ದಿನ ಕಾರು ಬೆಳ್ಳಿಯಂತೆ ಹೊಳೆಯಿತು. ಎರಡನೆಯ ಮಳೆಗಾಲ ಮುಗಿಯುವಷ್ಟರಲ್ಲಿ ಪೇಂಟಿನ ಕೆಳಗೆ ಗುಳ್ಳೆಗಳೆದ್ದವು. ಮಳೆ ನಿಂತ ಮೇಲೆ ಹೊದಿಕೆಯನ್ನು ಕಿತ್ತು ನೋಡಿದರೆ ಒಳಗಿನ ಹಳೆಯ ತಗಡು ಕಾಫಿಪುಡಿಯ ಹಾಗೆ ಉದುರಿತು. ಅಂದಿನಿಂದ ಕೊಳೆತ ತಗಡಿನ ಮೇಲೆ ಹೊಸ ತಗಡು ಹೊದಿಸಲು ನಾನು ಯಾರಿಗೂ ಒಪ್ಪಿಲ್ಲ. ನಿಮ್ಮ ಮೇಸ್ತ್ರಿಯೂ ಗಟ್ಟಿ ಉಕ್ಕು ಸಿಗುವವರೆಗೆ ಕತ್ತರಿಸಲಿ, ಅಂಚಿಗೆ ಅಂಚು ಕೂಡಿಸಿ ಬೆಸೆಯಲಿ, ಪೆಟ್ಟಿಗೆಯ ಒಳಗೆ ತುಕ್ಕುನಿರೋಧಕ ಮೇಣವನ್ನೋ ಎಣ್ಣೆಯನ್ನೋ ಸಿಂಪಡಿಸಲಿ, ನೀರು ಹೋಗುವ ತೂತುಗಳನ್ನು ಪುಟ್ಟಿಯಿಂದ ಮುಚ್ಚದಿರಲಿ. ಬೆಸುಗೆಯ ಪ್ರತಿ ಹಂತದ ಫೋಟೋ ಕೇಳಿ. ಕೊಡಲು ಒಪ್ಪದವರಿಗೆ ಕಾರು ಕೊಡಬೇಡಿ. ಈ ಕೆಲಸ ಕಾಫಿ ಕುಯ್ಲು ಮುಗಿದ ಮೇಲೆ, ಮಳೆ ಹಿಡಿಯುವ ಮೊದಲು ಮುಗಿಯಬೇಕು. ಜೋರು ಮಳೆಯ ಕಕ್ಕಡ ತಿಂಗಳ ತೇವದಲ್ಲಿ ಬರಿಮೈಯ ಉಕ್ಕನ್ನು ಒಂದು ರಾತ್ರಿ ಬಿಟ್ಟರೂ ಬೆಳಿಗ್ಗೆ ಕೆಂಪು ಕೂತಿರುತ್ತದೆ.

ಹಣ ಖರ್ಚು ಮಾಡುವ ಮೊದಲು ಕಾಗದ ನೋಡಿ. ಆರ್‌ಸಿ ಇನ್ನೂ ತಂದೆಯವರ ಹೆಸರಿನಲ್ಲಿದ್ದರೆ ವಾರಸುದಾರರಿಗೆ ವರ್ಗಾಯಿಸಲು ಫಾರಂ 31 ಸಲ್ಲಿಸಬೇಕು. ಅದಕ್ಕೆ ಮೂರು ತಿಂಗಳ ಗಡುವು ಇತ್ತು, ತಡವಾದದ್ದಕ್ಕೆ ದಂಡ ಬೀಳಬಹುದು. ಮರಣ ಪ್ರಮಾಣಪತ್ರ, ಅಮ್ಮನವರ ಮತ್ತು ಅಣ್ಣನವರ ಒಪ್ಪಿಗೆ ಸಿದ್ಧವಿರಲಿ. ಮೊದಲ ಹದಿನೈದು ವರ್ಷದ ಬಳಿಕ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. ಹಳೆಯ ಕೈಬರಹದ ದಾಖಲೆ ಕಂಪ್ಯೂಟರಿಗೆ ಏರಿದೆಯೇ ಎಂದು ಮಡಿಕೇರಿಯ ಸಾರಿಗೆ ಕಚೇರಿಯಲ್ಲಿ ವಿಚಾರಿಸಿ. 1978ರ ಕಾರಿಗೆ 2028ರಲ್ಲಿ ಐವತ್ತು ತುಂಬುತ್ತದೆ. 2021ರ ನಿಯಮದಂತೆ ಆಗ ವಿಂಟೇಜ್ ನೋಂದಣಿಗೆ ಅವಕಾಶವಿದೆ, ಆದರೆ ಅದು ಪ್ರದರ್ಶನ, ರ‍್ಯಾಲಿ ಮುಂತಾದ ಕೆಲವೇ ಓಡಾಟಗಳಿಗೆ ಸೀಮಿತ. ವಾರಕ್ಕೊಮ್ಮೆ ಅಮ್ಮನನ್ನು ಕೂರಿಸಿಕೊಂಡು ಸಂತೆಗೆ ಹೋಗುವ ಆಸೆಯಿದ್ದರೆ ಮಾಮೂಲಿ ನವೀಕರಣವೇ ಸರಿ.

ಗೂಡು ಪೂರ್ತಿ ಹೋಗಿದೆ ಎಂದಾದರೂ ಗುಜರಿಯೊಂದೇ ದಾರಿಯಲ್ಲ. ಮಳೆ ಕಡಿಮೆಯಿರುವ ಕಡೆಯಿಂದ ಗಟ್ಟಿ ಗೂಡಿನ ಇನ್ನೊಂದು ಪದ್ಮಿನಿ ಕೊಂಡು, ನಿಮ್ಮ ಕಾರಿನ ಸ್ಟಿಯರಿಂಗ್, ಸೀಟು, ಮೀಟರು, ಎಂಬ್ಲೆಮ್ಮುಗಳನ್ನು ಅದಕ್ಕೆ ಕೂಡಿಸಬಹುದು. ಷಾಸಿ ನಂಬರನ್ನು ಮಾತ್ರ ಒಂದರಿಂದ ಇನ್ನೊಂದಕ್ಕೆ ಹಾಕಿಸಬೇಡಿ, ಅದು ಅಪರಾಧ.

ಈಗ ಬೀಗದ ಕೈ. ಪರೀಕ್ಷೆಯ ದಿನ ಅಮ್ಮನವರಿಗೆ ಪಕ್ಕದಲ್ಲೇ ಕುರ್ಚಿ ಹಾಕಿ. ಕಾರು ಎಲ್ಲೆಲ್ಲಿಗೆ ಹೋಗಿತ್ತು, ಯಾವ ಪೆಟ್ಟು ಎಲ್ಲಿ ಬಿತ್ತು ಎಂಬುದು ನಿಮಗಿಂತ ಅವರಿಗೆ ಗೊತ್ತಿರುತ್ತದೆ. ಸ್ಕ್ರೂಡ್ರೈವರ್ ಎಲ್ಲಿ ಒಳಗೆ ಹೋಯಿತು, ಎಲ್ಲಿ ತಡೆಯಿತು ಎಂಬುದನ್ನು ಅವರೂ ಕಣ್ಣಾರೆ ನೋಡಲಿ. ಆಮೇಲೆ ಕೇಳಿ. ಮಾರಾಟದ ಬೆಲೆಯ ಲೆಕ್ಕ ಹಾಕಿದರೆ ಅಣ್ಣನವರ ಮಾತೇ ಸರಿ, ಹಾಕಿದ ಹಣ ಹಿಂತಿರುಗುವುದಿಲ್ಲ. ಆದರೆ ನೀವು ಮಾರಲೆಂದು ಕೇಳಿದ ಪ್ರಶ್ನೆಯಲ್ಲ ಇದು.

ಪ್ರಶ್ನೆ: ಸೋಮವಾರಪೇಟೆ ಬಳಿಯ ನಮ್ಮ ತೋಟದಲ್ಲಿ 1967ರ ಮಹೀಂದ್ರ ಜೀಪು ಇದೆ. ಬಾಡಿ ಪೂರ್ತಿ ತುಕ್ಕು. ಹೊಸ ಬಾಡಿ ತರಿಸಿದರೆ ಸಾಕೇ?

ಉತ್ತರ: ಜೀಪಿನ ಕಥೆ ಬೇರೆ. ಅದಕ್ಕೆ ಏಣಿಯಂಥ ಪ್ರತ್ಯೇಕ ಷಾಸಿ ಇದೆ, ಬಾಡಿ ಅದರ ಮೇಲೆ ಬೋಲ್ಟುಗಳಲ್ಲಿ ಕೂತ ತೊಟ್ಟಿ. ತೊಟ್ಟಿ ಹೋದರೆ ಹೊಸದು ಸಿಗುತ್ತದೆ, ಹರಿಯಾಣದ ಮಂಡಿ ಡಬ್ವಾಲಿ ಈ ಕೆಲಸಕ್ಕೆ ಹೆಸರಾದ ಊರು. ಆದ್ದರಿಂದ ಬಾಡಿಯನ್ನು ಮರೆತು ಷಾಸಿಯ ಮೇಲಿನ ಕೆಸರನ್ನು ಕೆರೆದು ನೋಡಿ. ಸ್ಪ್ರಿಂಗನ್ನು ಷಾಸಿಗೆ ಕಟ್ಟುವ ಷ್ಯಾಕಲ್, ಎಂಜಿನ್ ಕೂರುವ ಕಟ್ಟು, ಹಿಂದಿನ ಅಡ್ಡಪಟ್ಟಿ, ಮೇಲೆ ಕೆಳಗೆ ಮುಚ್ಚಿದ ಭಾಗಗಳು ಇಲ್ಲಿನ ಕೆಸರನ್ನು ವರ್ಷಗಟ್ಟಲೆ ಒದ್ದೆಯಾಗಿ ಹಿಡಿದಿಟ್ಟಿರುತ್ತವೆ. ಷಾಸಿ ನಂಬರ್ ಓದಲು ಬರುತ್ತದೆಯೇ, ಆರ್‌ಸಿಗೆ ಹೊಂದುತ್ತದೆಯೇ ಎಂದು ಮೊದಲ ದಿನವೇ ಖಚಿತಪಡಿಸಿಕೊಳ್ಳಿ. ಮೂಲ ಎಂಜಿನ್ 2199 ಸಿಸಿಯ ಪೆಟ್ರೋಲ್ ಹರಿಕೇನ್ ಆಗಿರಬೇಕು. ನಡುವೆ ಯಾರಾದರೂ ಡೀಸೆಲ್ ಎಂಜಿನ್ ಕೂರಿಸಿದ್ದರೆ ಅದು ಆರ್‌ಸಿಯಲ್ಲಿ ನಮೂದಾಗಿರಬೇಕು. ನಮೂದಾಗದಿದ್ದರೆ ಹೊಸ ಬಾಡಿಗಾಗಿ ಹಣ ಕಳುಹಿಸುವ ಮೊದಲು ಅದನ್ನು ಸರಿಪಡಿಸಿಕೊಳ್ಳಿ.

ಪ್ರಶ್ನೆ: ಮಳೆಗಾಲದಲ್ಲಿ ಹಳೆಯ ಕಾರಿಗೆ ಟಾರ್ಪಾಲು ಹೊದಿಸಿ ಕಟ್ಟಿಡುತ್ತೇನೆ. ಆದರೂ ತುಕ್ಕು ಏರುತ್ತಿದೆ. ಯಾಕೆ?

ಉತ್ತರ: ಟಾರ್ಪಾಲಿನಿಂದಲೇ. ನೆಲದಿಂದ ಏಳುವ ತೇವ ಅದರ ಒಳಮೈಗೆ ಹನಿಯಾಗಿ ಕಟ್ಟಿ ಕಾರಿನ ಮೇಲೆ ಬೀಳುತ್ತದೆ, ಗಾಳಿಯಾಡದೆ ಅಲ್ಲೇ ಉಳಿಯುತ್ತದೆ. ಟಾರ್ಪಾಲು ತೆಗೆದು, ಮೇಲೆ ಶೀಟು ಮಾತ್ರ ಇದ್ದು ನಾಲ್ಕೂ ಕಡೆ ಗಾಳಿಯಾಡುವ ಶೆಡ್ಡಿಗೆ ಕಾರನ್ನು ಸರಿಸಿ. ನೆಲ ಮಣ್ಣಿನದಾಗಿದ್ದರೆ ಸಿಮೆಂಟು ಹಾಕಿಸಿ, ಅಷ್ಟು ಆಗದಿದ್ದರೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ ಮೇಲೆ ಹಲಗೆ ಇಡಿ. ಗಾಜುಗಳನ್ನು ಒಂದು ಬೆರಳಿನಷ್ಟು ಇಳಿಸಿಡಿ. ಇಲಿ ನುಗ್ಗದಂತೆ ಆ ಸಂದಿಗೆ ಜಾಲರಿ ಕಟ್ಟಿ. ಹದಿನೈದು ದಿನಕ್ಕೊಮ್ಮೆ ಎಂಜಿನ್ ಓಡಿಸುವುದಾದರೆ ಅರ್ಧ ಗಂಟೆಯಾದರೂ ಓಡಿಸಿ. ಎರಡು ನಿಮಿಷ ಓಡಿಸಿ ನಿಲ್ಲಿಸಿದರೆ ಸೈಲೆನ್ಸರಿನಲ್ಲಿ ನೀರು ನಿಂತು ಅದು ಒಳಗಿನಿಂದ ಕೊಳೆಯುತ್ತದೆ.