ಅರೇಬಿಯಾದ ಲಾರೆನ್ಸ್ ಹೆಸರು ಬದಲಿಸಿಕೊಂಡು ಸಾಮಾನ್ಯ ಸೈನಿಕನಾಗಿ ಸೇರಿದ್ದು ಯಾಕೆ?

ಖ್ಯಾತಿಯಿಂದ ತಪ್ಪಿಸಿಕೊಳ್ಳಲು. ಮೊದಲ ಮಹಾಯುದ್ಧದಲ್ಲಿ ತುರ್ಕರ ಆಳ್ವಿಕೆಯ ವಿರುದ್ಧ ನಡೆದ ಅರಬ್ ದಂಗೆಯಿಂದ ಮನೆಮಾತಾಗಿದ್ದ ಕರ್ನಲ್ ಟಿ. ಇ. ಲಾರೆನ್ಸ್ 1922ರ ಆಗಸ್ಟ್‌ನಲ್ಲಿ ‘ಜಾನ್ ಹ್ಯೂಮ್ ರಾಸ್’ ಎಂಬ ಹೆಸರಿನಲ್ಲಿ ಬ್ರಿಟಿಷ್ ವಾಯುಪಡೆಯ ಅತ್ಯಂತ ಕೆಳದರ್ಜೆಗೆ ಸೇರಿದರು. ಅಲ್ಲಿ ಹೆಸರಿಗಿಂತ ನಂಬರೇ ಗುರುತು (ಅವರದು 352087). ಏನು ಮಾಡಬೇಕೆಂದು ಮೇಲಿನವರೇ ಹೇಳುತ್ತಾರೆ, ನಿರ್ಧಾರದ ಹೊರೆ ಇಲ್ಲ. ಅರಬರಿಗೆ ಕೊಟ್ಟ ಸ್ವಾತಂತ್ರ್ಯದ ಮಾತು ಉಳಿಯಲಿಲ್ಲವೆಂದು ನೊಂದಿದ್ದ ಮನುಷ್ಯನಿಗೆ ಬೇಕಿದ್ದದ್ದು ಅದೇ ಅಂತ ನನಗನ್ನಿಸುತ್ತದೆ.

ಗುಟ್ಟು ಮಾತ್ರ ನಿಲ್ಲಲಿಲ್ಲ. ಡಿಸೆಂಬರ್‌ನಲ್ಲಿ ಪತ್ರಿಕೆಯೊಂದು ಬಯಲು ಮಾಡಿತು, 1923ರ ಆರಂಭದಲ್ಲಿ ಕೆಲಸ ಹೋಯಿತು. ‘ಶಾ’ ಎಂಬ ಹೆಸರಲ್ಲಿ ಟ್ಯಾಂಕ್ ದಳ ಸೇರಿ, 1925ರಲ್ಲಿ ವಾಯುಪಡೆಗೆ ಮರಳಿದರು. ಆಗಿನ ಬ್ರಿಟಿಷ್ ಇಂಡಿಯಾದಲ್ಲಿ, ಆಫ್ಘನ್ ಗಡಿಯ ಬಳಿಯ ಮಿರಾನ್‌ಶಾದಲ್ಲಿದ್ದಾಗ ಆಫ್ಘಾನಿಸ್ತಾನದಲ್ಲಿ ಗೂಢಚಾರಿಕೆ ನಡೆಸುತ್ತಿದ್ದಾರೆಂಬ ವದಂತಿ ಹಬ್ಬಿ, 1929ರ ಜನವರಿಯಲ್ಲಿ ಅವರನ್ನು ಇಂಗ್ಲೆಂಡಿಗೆ ವಾಪಸ್ ಕಳಿಸಿದರು.